ಓದದೆ ಬಣ್ಣ ಹಚ್ಚಿದ ಪುಸ್ತಕ

ಓದಲು ಬೇಸರವೆಂದು ಮಾಸ್ತರನಾದವನು ಒಪ್ಪಿಕೊಳ್ಳಬಾರದು. ನಾನು ಒಪ್ಪಿಕೊಳ್ಳುತ್ತೇನೆ. ಸೇಡಂ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತ ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದ ಮೇಲೆ, ಬಿಸ್ಕಿಟ್ ಪುಡಿಕೆಯ ಮೇಲಿನ ಅಕ್ಷರ ಕಂಡರೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥವನಿಗೆ ಚಿತ್ತಾಪುರದಲ್ಲಿರುವ ನನ್ನ ಹೈಸ್ಕೂಲ್ ಗುರುಗಳು ಶರಣಪ್ಪ ಮಾಸ್ತರರು ತಮ್ಮ ಆತ್ಮಕಥೆಯನ್ನು ಟೈಪು ಮಾಡಿಸಿ ಮೊಬೈಲಿಗೆ ಕಳಿಸಿದರು. ಮುನ್ನೂರು ಪುಟ. “ನೀ ಓದಿ ಛಲೋ ಅದ ಅಂದ್ರ ಪುಸ್ತಕ ಛಾಪಸ್ತೀನಿ. ಇಲ್ಲಂದ್ರ ಬಿಟ್ಟಬಿಡ್ತೀನಿ,” ಎಂದರು. ವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು. “ಓದಾಕತ್ತೀನ್ರಿ ಸರ,” ಎನ್ನುತ್ತಿದ್ದೆ. ಮೊದಲ ಪುಟವನ್ನೂ ತೆರೆದಿರಲಿಲ್ಲ.

ಕೊನೆಗೆ ಕಂಪ್ಯೂಟರಿಗೆ ಮೊರೆಹೋದೆ. ನಮ್ಮ ಲೆಕ್ಕದವರು ಬಳಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ಯಾಕೇಜ್ ಇದೆ. ಬರಹ ಕೊಟ್ಟರೆ ಅದು ಪುಟಗಳನ್ನೆಲ್ಲ ಸಾಲಾಗಿ ಚಿತ್ರ ಬಿಡಿಸುತ್ತದೆ. ಅಕ್ಷರವಿಲ್ಲ, ಪ್ರತಿ ಪದಕ್ಕೂ ಒಂದು ಬೂದು ಚೌಕ. ಕೇಳಿದ ಪದಕ್ಕೆ ಮಾತ್ರ ಬಣ್ಣ. ಮಾಸ್ತರರ ಮುನ್ನೂರು ಪುಟ ಪರದೆಯ ಮೇಲೆ ಶಹಾಬಾದ್ ಫರಸಿಕಲ್ಲು ಹಾಸಿದ ಅಂಗಳದಂತೆ ಬಿದ್ದುಕೊಂಡಿತು. ‘ನಾನು’ ಎಂಬ ಪದಕ್ಕೆ ಕೆಂಪು ಕೊಟ್ಟೆ. ಅಂಗಳಕ್ಕೆ ದಡಾರ ಎದ್ದಂತಾಯಿತು. ಮಾಸ್ತರರ ಹೆಂಡತಿ ನೀಲಮ್ಮನವರ ಹೆಸರಿಗೆ ನೀಲಿ ಕೊಟ್ಟೆ. ಒಂದೂ ಚೌಕ ನೀಲಿಯಾಗಲಿಲ್ಲ. ವಿಮರ್ಶೆ ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಹೊತ್ತು ಪ್ಯಾಸೆಂಜರ್ ರೈಲಿನಲ್ಲಿ ಚಿತ್ತಾಪುರಕ್ಕೆ ಹೋದೆ. “ಬಾ, ಕುಂದ್ರು. ಪೂರಾ ಓದಿದಿ?” ಎಂದರು ಮಾಸ್ತರರು.

“ಪೂರಾ ಓದೀನ್ರಿ ಸರ. ‘ನಾನು’ ಭಾಳ ಆಗ್ಯಾದ. ಅಮ್ಮಾರ ಹೆಸರು ಒಮ್ಮೆನೂ ಇಲ್ಲ,” ಎಂದು ಚಿತ್ರ ತೋರಿಸಿದೆ.

ಚಹಾ ತಂದ ನೀಲಮ್ಮನವರು ಬಾಗಿಲಲ್ಲೇ ನಿಂತರು. “ಮುನ್ನೂರು ಪುಟದಾಗ ಒಮ್ಮೆನೂ ಇಲ್ಲೇನ್ರಿ?” ಎಂದು ಗಂಡನನ್ನೇ ಕೇಳಿದರು. ಧ್ವನಿ ಸಣ್ಣದಾಗಿತ್ತು. ನಲವತ್ತು ವರ್ಷದ ಸಂಸಾರಕ್ಕೆ ನಾನು ಕಡ್ಡಿ ಗೀರಿದ್ದೆ.

ಮಾಸ್ತರರು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. “ಹೇಣ್ತಿ ಹೆಸರು ಹಿಡದು ಯಾವ ಗಂಡ ಕರೀತಾನೋ ನಮ್ಮ ಕಡಿ? ‘ಆಕೆ’ ಅಂತ ಹುಡುಕು.”

ಹುಡುಕಿದೆ. ಅಂಗಳದ ತುಂಬ ನೀಲಿ ಚೆಲ್ಲಿತು. ಹೆಚ್ಚುಕಡಿಮೆ ಪುಟ ಬಿಡದೆ ಇದ್ದರು ನೀಲಮ್ಮನವರು, ಕೆಂಪು ಚೌಕಗಳ ಪಕ್ಕದಲ್ಲೇ. ಅವರು ಬಗ್ಗಿ, ನೀಲಿಯೇ ಇಲ್ಲದೆ ಉಳಿದ ಮೂರು ಪುಟಗಳ ಮೇಲೆ ಬೆರಳಿಟ್ಟರು. “ಇಲ್ಲಿ ನಾ ಎಲ್ಲಿ ಹೋಗೀನಿ?”

“ಬಾಣಂತನಕ್ಕ ತವರಿಗಿ, ಚಂದ್ರಂಪಳ್ಳಿಗಿ ಹೋಗಿದ್ದಿಯಲ್ಲ. ಆ ಮೂರು ತಿಂಗಳಿಗಿ ಮೂರೇ ಪುಟ. ಬರ್ಯಾಕ ಏನೂ ಇದ್ದಿಲ್ಲ,” ಎಂದರು ಮಾಸ್ತರರು. ನೀಲಮ್ಮನವರು ಸೆರಗಿನಿಂದ ಪರದೆಯ ಧೂಳನ್ನು ಒರೆಸಿದರು. ಧೂಳೇನೂ ಇರಲಿಲ್ಲ.

ಓದದೆಯೇ ಬಂದದ್ದು ಬಯಲಾಗಿತ್ತು; ಬೈಯುತ್ತಾರೆಂದು ಕಾದೆ. ಮಾಸ್ತರರು ಬೈಯಲಿಲ್ಲ. “ಚಾ ಆರ್ತದ, ಕುಡಿ. ಮನಿಗಿ ಹೋಗಿ ಓದು,” ಎಂದರಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದಿನಿಂದ ಓದತೊಡಗಿದೆ. ಪುಸ್ತಕ ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ದಿನ ಐವತ್ತೊಂದನೆಯ ಪುಟದಲ್ಲಿ ನನ್ನದೇ ಹೆಸರು ಸಿಕ್ಕಿತು. ‘ಈ ಹುಡುಗ ಒಂದು ಪಾಠವನ್ನೂ ಓದದೆ, ಎಲ್ಲ ಓದಿದವನಂತೆ ಎದ್ದುನಿಂತು ಉತ್ತರ ಹೇಳುತ್ತಿದ್ದ. ಈಗ ಮಾಸ್ತರನಾಗಿದ್ದಾನೆ.’ ಫೋನು ಮಾಡಿದೆ.

“ಭಾಳ ಛಲೋ ಅದರಿ ಸರ. ಛಾಪಸ್ರಿ.”

“ಐವತ್ತೊಂದನೇ ಪುಟ ತೆಗೀಲೇನು?”

“ಬ್ಯಾಡ್ರಿ, ಇರಲಿ,” ಎಂದೆ. “ಅದನ್ನ ಎರಡು ಸಲ ಓದೀನಿ.”