ಎರಡು ಬೋಟು, ಒಬ್ಬಳು ಅಜ್ಜಿ

ಎರಡರಲ್ಲಿ ಒಂದನ್ನು ಆರಿಸಿ ಎಂದು ನಮ್ಮ ಮನೆಯವರಿಗೆ ಯಾರೂ ಹೇಳಬಾರದು. ಕಿಟಕಿಗೆ ಪರದೆ ಬಟ್ಟೆ ನೋಡಲು ಹೋದರೂ ಕೊಯಮತ್ತೂರಿನ ಆರ್.ಎಸ್. ಪುರಂ ಅಂಗಡಿಯವರು ನಮಗೆ ಕಾಫಿ ತರಿಸಿ ತರಿಸಿ ಸುಸ್ತಾಗುತ್ತಾರೆ. ಅಂಥವರಿಗೆ ಅಪ್ಪನ ಸ್ನೇಹಿತರೊಬ್ಬರು ಹೇಳಿದರು: "ಸಿರುಮುಗೈ ತೋಟ ಮಾರ್ತಿದ್ದೀನಿ. ಪಕ್ಕದ ಭವಾನಿ ಹಿನ್ನೀರಲ್ಲಿ ಎರಡು ಮೋಟಾರ್ ಬೋಟಿವೆ, ಒಂದನ್ನು ನೀವು ತಗೊಳ್ಳಿ."

ಹೆಚ್ಚು ಹಿಗ್ಗಿದವಳು ಅಜ್ಜಿ, ಅಪ್ಪನ ತಾಯಿ. ಮದುವೆಯಾಗಿ ಭವಾನಿ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಬಂದವಳು. "ಭಯಕ್ಕೆ ಕಣ್ಣು ಮುಚ್ಕೊಂಡು ಕೂತಿದ್ದೆ. ಹೊಳೆ ಹೆಂಗಿತ್ತೂಂತ ನೋಡ್ಲೇ ಇಲ್ಲ. ಈ ಸಲ ಕಣ್ ಬಿಟ್ಕೊಂಡು ನೋಡ್ತೀನಿ" ಎಂದಳು.

ಅಪ್ಪನ ಪರೀಕ್ಷೆ

ಅಪ್ಪ ಜೀವಮಾನವಿಡೀ ಪಂಪ್‌ಸೆಟ್ ಕಾರ್ಖಾನೆಯಲ್ಲಿ ದುಡಿದವರು. ಮೊದಲನೆಯದು ಚಿಕ್ಕ ಬೋಟು, ವೇಗದ್ದು. ಅಪ್ಪ ಬೋಟು ನೋಡಲೇ ಇಲ್ಲ, ಎಂಜಿನ್ನಿಗೆ ಕಿವಿಗೊಟ್ಟು ನಿಂತರು. "ಮೋಟಾರು ಬಂಗಾರ!" ಎಂದವರು ಅಭ್ಯಾಸಬಲದಿಂದ ಕೇಳಿದರು: "ಎಷ್ಟು ಅಡಿ ಆಳದಿಂದ ನೀರೆತ್ತುತ್ತೆ?"

ಸ್ನೇಹಿತರು ಹೆಗಲು ತಟ್ಟಿ ಹೇಳಿದರು: "ಇದು ನೀರನ್ನ ಮೇಲಕ್ಕೆ ತರೋದಲ್ಲಪ್ಪ. ನಿನ್ನನ್ನ ನೀರಿನ ಮೇಲೆ ಇಡೋದು."

ಅಮ್ಮನ ಪರೀಕ್ಷೆ

ಎರಡನೆಯದು ಅಗಲ, ನಿಧಾನ, ಮೇಲೆ ನೆರಳಿನ ಚಾವಣಿ, ಮೆತ್ತನೆ ಸೀಟು. ಅಮ್ಮ ಹತ್ತಿದವಳೇ ಎಲೆ ಹಾಸಿ ಪುಳಿಯೋಗರೆ ಬಡಿಸಿದಳು. ದಡಕ್ಕೆ ಕಟ್ಟಿದ ಬೋಟಿನಲ್ಲೇ ಎಲ್ಲರ ಊಟವಾಯಿತು. ಅಜ್ಜಿಯೂ ಕೂತಿದ್ದಳು. "ಹಂಗೇ ಒಂದು ಸುತ್ತು ಹೋಗೋಣ್ವಾ?" ಎಂದಳು.

"ಬೇರೆಯವರ ಬೋಟಲ್ಲಿ ಯಾಕತ್ತೆ? ನಮ್ಮದಾಗ್ಲಿ, ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ಹೋಗೋಣ" ಎಂದಳು ಅಮ್ಮ. ನಾವೆಲ್ಲ ತಲೆಯಾಡಿಸಿದೆವು. ಆ ತಲೆಯಾಟಕ್ಕೆ ಇವತ್ತಿಗೂ ನಮ್ಮನ್ನೇ ಬೈದುಕೊಳ್ಳುತ್ತೇವೆ. ಅಮ್ಮ ಮಾತ್ರ ಕೈ ತೊಳೆಯುತ್ತಾ ಬೋಟಿಗೆ ಸರ್ಟಿಫಿಕೇಟು ಕೊಟ್ಟಳು: "ಚೆನ್ನಾಗಿದೆ. ಓಡಲೇಬೇಕು ಅಂತೇನಿಲ್ಲ."

ದೇವರ ಪರೀಕ್ಷೆ

ಅಪ್ಪನಿಗೆ ಎಂಜಿನ್ನು, ಅಮ್ಮನಿಗೆ ಚಾವಣಿ. ಜಗಳ ಬಗೆಹರಿಯದೆ ಕೊನೆಗೆ ದೇವಸ್ಥಾನದಲ್ಲಿ ಹೂ ಕೇಳುವುದೆಂದಾಯಿತು. ಕೆಂಪು ಹೂ ಒಂದು ಪೊಟ್ಟಣದಲ್ಲಿ, ಬಿಳಿ ಇನ್ನೊಂದರಲ್ಲಿ. ಪೂಜಾರಿ ಯಾವುದನ್ನು ಎತ್ತುತ್ತಾರೋ ಅದು ದೇವರ ಮಾತು. ಕೆಂಪು ಬಂದರೆ ವೇಗದ ಬೋಟು, ಬಿಳಿ ಬಂದರೆ ಚಾವಣಿಯದು. ಪೊಟ್ಟಣ ಕಟ್ಟಿದವಳು ಅಜ್ಜಿ.

ಪೂಜಾರಿ ಒಂದನ್ನು ಎತ್ತಿ ಬಿಚ್ಚಿದರು. ಒಳಗೆ ಕೆಂಪೂ ಇತ್ತು, ಬಿಳಿಯೂ ಇತ್ತು. ಇನ್ನೊಂದರಲ್ಲೂ ಹಾಗೆಯೇ. ಎಲ್ಲರೂ ಅಜ್ಜಿಯತ್ತ ತಿರುಗಿದೆವು.

"ನಾನೇ ಕಟ್ಟಿದ್ದು. ಯಾವುದಾದ್ರೂ ಸರಿ, ಬೇಗ ಒಂದು ತೀರ್ಮಾನಕ್ಕೆ ಬನ್ನಿ, ನನ್ನ ಕೂರಿಸ್ಕೊಂಡು ಹೋಗಿ" ಎಂದಳು.

ಅಪ್ಪ ಗಂಭೀರವಾಗಿ ಯೋಚಿಸಿ ಹೇಳಿದರು: "ದೇವರಿಗೂ ಎರಡೂ ಹಿಡಿಸಿವೆ. ಅಮಾವಾಸ್ಯೆ ಕಳೀಲಿ, ಇನ್ನೊಂದ್ಸಲ ಕೇಳೋಣ."

ಅಜ್ಜಿಯ ಸವಾರಿ

ಅಮಾವಾಸ್ಯೆ ಕಳೆಯುವುದರೊಳಗೆ ತೋಟ ಕೊಂಡವನು ಎರಡೂ ಬೋಟುಗಳನ್ನು ಕೊಂಡಿದ್ದ. ಅವನಿಗೆ ಆರಿಸುವ ಕಷ್ಟವೇ ಬರಲಿಲ್ಲ. ಅಪ್ಪ, ಅಮ್ಮ ಎರಡು ದಿನ ಒಬ್ಬರನ್ನೊಬ್ಬರು ದೂರಿದರು. ಅಜ್ಜಿ ಮಾತ್ರ ಯಾರನ್ನೂ ದೂರಲಿಲ್ಲ, ನಮ್ಮನ್ನು ಅದೇ ಹೆಚ್ಚು ನೋಯಿಸಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೊಂದು ಭಾನುವಾರ ಅವಳನ್ನು ಕೊಯಮತ್ತೂರಿನ ಕೆರೆಗೆ ಕರೆದೊಯ್ದೆವು. ಅಲ್ಲಿದ್ದದ್ದು ಬಾತುಕೋಳಿ ಆಕಾರದ ಪೆಡಲ್ ಬೋಟು. ಅಜ್ಜಿಯನ್ನು ನನ್ನ ಪಕ್ಕ ಕೂರಿಸಿ, ಅಪ್ಪ ಮುಂದೆ ಕೂತು ತುಳಿಯತೊಡಗಿದರು. ಅರ್ಧ ಕೆರೆಗೇ ಅವರಿಗೆ ಏದುಸಿರು, ಉಶ್ ಉಶ್ ಎಂಬ ಸದ್ದು.

ಅಜ್ಜಿ ಕಣ್ಣರಳಿಸಿ ಸುತ್ತ ನೋಡಿದಳು. ಒಂದು ಕಡೆ ಫ್ಲೈಓವರು, ಇನ್ನೊಂದು ಕಡೆ ಪಾನಿಪೂರಿ ಗಾಡಿಗಳ ಸಾಲು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

"ಭಯ ಆಗ್ತಿದ್ಯಾ ಅಜ್ಜಿ?" ಎಂದೆ.

"ಇಲ್ಲಮ್ಮ, ಹೊಳೆ ನೋಡ್ತಿದ್ದೀನಿ. ನಿಮ್ಮಪ್ಪಂಗೆ ಹೇಳು, ಮೋಟಾರು ಕೊಂಚ ಮೆಲ್ಲಗೆ ಬಿಡ್ಲಿ."