ಇನ್ನೊಂದೇ ಒಂದು ದಿಮ್ಮಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಹಸಿ ಮರದ ದಿಮ್ಮಿ.

ತಾಮ್ರದ ಕಾರ್ಖಾನೆಯಲ್ಲಿ ಗಾಬರಿಯಣ್ಣನೆಂದೇ ಹೆಸರಾದವನು ವರ್ಷಗಟ್ಟಲೆ ಅದಿರು ಪುಡಿಮಾಡುವ ಗಿರಣಿಯಲ್ಲಿ ಕಿವಿ ಹಾಳು ಮಾಡಿಕೊಂಡು, ಈಚೆಗಷ್ಟೇ ಕುಲುಮೆಗೆ ಬಂದಿದ್ದ. ಇವತ್ತು ದೊಡ್ಡ ಮೇಸ್ತ್ರಿ ಕುಲುಮೆಯನ್ನು ಅವನೊಬ್ಬನ ಕೈಗೇ ಬಿಟ್ಟಿದ್ದರು.

"ಸಂಜೆ ಬರ್ತೀನಿ. ತಾಮ್ರ ಹದವಾಗಿದ್ರೆ ಕುಲುಮೆ ನಿಂದು. ಇಲ್ದಿದ್ರೆ ವಾಪಸ್ ಗಿರಣಿಗೆ."

ಹೆಂಡತಿಯೋ, ಗಂಡನಿಗೆ ಬಡ್ತಿ ಸಿಕ್ಕೇಬಿಟ್ಟಿತೆಂದು ಬೆಳಿಗ್ಗೆಯೇ ಬೀದಿಗೆಲ್ಲ ಸಾರಿ ಬಂದಿದ್ದಳು.

ಕೆಲಸ ಕೇಳುವುದಕ್ಕೆ ಸುಲಭ. ಅದಿರಿನ ಪುಡಿಯನ್ನು ನೊರೆಯಲ್ಲಿ ತೇಲಿಸಿ, ಕರಗಿಸಿ, ಗಾಳಿ ಊದಿ ಗಂಧಕವನ್ನು ಓಡಿಸುತ್ತಾರೆ. ಓಡಿಸಲು ಬಂದ ಗಾಳಿಯ ಆಮ್ಲಜನಕ ಮಾತ್ರ ತಾಮ್ರದಲ್ಲೇ ಬಿಡಾರ ಹೂಡುತ್ತದೆ. ಅದನ್ನು ಹೊರಹಾಕಲು ಕರಗಿದ ತಾಮ್ರದೊಳಗೆ ಹಸಿ ದಿಮ್ಮಿ ಚುಚ್ಚಬೇಕು. ಆಮೇಲೆ ಸೌಟಿನಷ್ಟು ತೆಗೆದು ಅಚ್ಚಿಗೆ ಹೊಯ್ದು ನೋಡಬೇಕು. ಆರಿದ ಬಿಲ್ಲೆ ನಡುವೆ ಕುಸಿದರೆ ದಿಮ್ಮಿ ಸಾಲದು, ಉಬ್ಬಿದರೆ ಹೆಚ್ಚಾಯಿತು, ಸಮತಟ್ಟಾದರೆ ಹದ. ಹದವಾದ ತಾಮ್ರ ಹಲಗೆಗಳಾಗಿ ಆಮ್ಲದ ತೊಟ್ಟಿಗೆ ಹೋಗಿ, ಅಲ್ಲಿ ಕರೆಂಟಿನ ಬಲದಿಂದ ಅಪ್ಪಟವಾಗುತ್ತದೆ.

ಮೊದಲ ಬಿಲ್ಲೆ ಕುಸಿಯಿತು. ಗಾಬರಿಯಣ್ಣನ ಎದೆಯೂ ಕುಸಿಯಿತು.

"ಇನ್ನೊಂದೇ ಒಂದು ದಿಮ್ಮಿ ಹಾಕೋ ಮಾರಾಯ!" ಕ್ರೇನ್ ನಡೆಸುವವನು ಮೇಲಿಂದಲೇ ಕೂಗಿದ. "ಮರಕ್ಕೇನು ಬರಗಾಲವಾ?"

ಹಾಕುವಷ್ಟರಲ್ಲಿ ತೂಕದ ಗುಮಾಸ್ತ ತಕ್ಕಡಿ ಬಿಟ್ಟು ಬಂದ. "ಒಂದರಲ್ಲಿ ಏನಾಗುತ್ತೆ? ನಮ್ಮ ಚಿಕ್ಕಪ್ಪ ಎರಡೆರಡು ಹಾಕ್ತಿದ್ರು."

"ಅವರೂ ಕುಲುಮೇಲಿದ್ರಾ?"

"ಬೇಕರೀಲಿ. ಬೆಂಕಿ ಬೆಂಕೀನೇ ಅಲ್ವೇನಯ್ಯ?"

ಇನ್ನೊಂದು ಹಾಕಿದ. ಈ ಸಲ ಬಿಲ್ಲೆ ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡಿತು.

"ಅಯ್ಯೋ, ಕೆಟ್ಟೆ ಕಣೋ!" ಪ್ರಯೋಗಾಲಯದ ಅಕ್ಕ ಓಡಿಬಂದಳು. "ಗಾಳಿ ಬಿಡು, ಗಾಳಿ!"

ಬಿಟ್ಟ. ಕುಸಿಯಿತು. ದಿಮ್ಮಿ ಚುಚ್ಚಿದ. ಉಬ್ಬಿತು. ಅತ್ತ ದರಿ, ಇತ್ತ ಪುಲಿ. ಮೂವರೂ ತಪ್ಪು ನಿನ್ನದು, ನಿನ್ನದು ಎಂದು ಜಗಳಕ್ಕೆ ನಿಂತಾಗ ಗಾಬರಿಯಣ್ಣ ದಿನದಲ್ಲಿ ಮೊದಲ ಬಾರಿಗೆ ಸ್ವಂತ ಬುದ್ಧಿ ಉಪಯೋಗಿಸಿ, ಜ್ವಾಲೆಯನ್ನು ನೋಡುತ್ತ ಚೂರೇ ಚೂರು ಗಾಳಿ ಬಿಟ್ಟು ನಿಲ್ಲಿಸಿದ. ಬಿಲ್ಲೆ ಹೊಯ್ದು ನೋಡಲು ಪುರುಸೊತ್ತಾಗಲಿಲ್ಲ. ಬಾಗಿಲಲ್ಲಿ ಮೇಸ್ತ್ರಿಗಳ ಕೆಮ್ಮು ಕೇಳಿಸಿತು.

ಮೂವರೂ ಮಾಯವಾದರು.

ಮೇಸ್ತ್ರಿ ಉಬ್ಬಿದ ಬಿಲ್ಲೆ ಎತ್ತಿಕೊಂಡರು. "ಏನೋ ಇದು?"

ಗಾಬರಿಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ನಂದೇನೂ ತಪ್ಪಿಲ್ಲ ಮೇಸ್ತ್ರಿಗಳೇ! ಇವತ್ತು ಒಂದು ಕೆಲಸಾನೂ ನನ್ನ ಬುದ್ಧಿಯಿಂದ ಮಾಡಿಲ್ಲ. ಕ್ರೇನಿನವನು, ಗುಮಾಸ್ತ, ಅಕ್ಕ ಹೇಳಿದ್ರು, ನಾನು ಮಾಡ್ದೆ. ದೇವರಾಣೆ!"

ಮೇಸ್ತ್ರಿ ತಾವೇ ಸೌಟು ಹಿಡಿದು ಹೊಸದಾಗಿ ಹೊಯ್ದರು. ಬಿಲ್ಲೆ ಆರಿತು. ಸಮತಟ್ಟೆಂದರೆ ಸಮತಟ್ಟು!

"ಭೇಷ್!" ಅಂದರು ಮೇಸ್ತ್ರಿ.

ಅಷ್ಟೇ ಸಾಕಾಯಿತು. ಎಲ್ಲಿದ್ದರೋ, ಮೂವರೂ ಪ್ರತ್ಯಕ್ಷರಾಗಿ "ನಾನೇ ಹೇಳಿಕೊಟ್ಟಿದ್ದು" ಎಂದು ಒಕ್ಕೊರಲಿನಿಂದ ಹೇಳಿದರು.

"ಇಲ್ಲ ಮೇಸ್ತ್ರಿಗಳೇ, ಕೊನೇ ಸಲ ಗಾಳಿ ಬಿಟ್ಟಿದ್ದು ನಾನೇ, ನನ್ನ ತಲೆಯಿಂದಾನೇ!"

"ಈಗ ತಾನೆ ದೇವರಾಣೆ ಹಾಕಿದೆಯಲ್ಲೋ? ಪಾಪ, ಹೇಳಿಕೊಟ್ಟವರ ಹೆಸರು ಮುಚ್ಚಿಡದೆ ಹೇಳಿದ್ದೀಯ, ಒಳ್ಳೆ ಮನುಷ್ಯ. ನಾಳೆಯಿಂದ ಈ ಮೂವರೂ ನಿನ್ನ ಪಕ್ಕದಲ್ಲೇ ಇರಲಿ. ಇವರು ಹೇಳಲಿ, ನೀನು ಮಾಡು."

"ನಾಳೆ ದಿಮ್ಮಿ ಸ್ವಲ್ಪ ದಪ್ಪದ್ದೇ ತರಿಸು," ಅಂದ ಗುಮಾಸ್ತ.

ಗಾಬರಿಯಣ್ಣ ಮೇಸ್ತ್ರಿಗಳ ಕೈ ಹಿಡಿದುಕೊಂಡ. "ದಮ್ಮಯ್ಯ, ನನ್ನನ್ನ ಗಿರಣಿಗೇ ಕಳಿಸಿಬಿಡಿ!"

"ಅದು ಹೇಗಪ್ಪ ಕಳಿಸೋದು?" ಮೇಸ್ತ್ರಿ ಅವನ ಬೆನ್ನು ತಟ್ಟಿದರು. "ತಾಮ್ರ ಹದವಾಗಿದೆಯಲ್ಲ!"