ಕೆಮಿಸ್ಟ್ರಿ ಮೇಷ್ಟ್ರ ಕನ್ವರ್ಟರ್

ಪಾಠ ಹೇಳುವವನಿಗೆ ವಿಷಯವೂ ಗೊತ್ತಿರುತ್ತದೆ ಎಂದು ಲೋಕ ನಂಬಿರುವುದರಿಂದಲೇ ನಮ್ಮಂಥ ಮೇಷ್ಟ್ರುಗಳ ಸಂಸಾರ ನಡೆಯುತ್ತಿದೆ. ಇಪ್ಪತ್ತಾರು ವರ್ಷಗಳಿಂದ ದೆಹಲಿಯ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಹೇಳುತ್ತಿದ್ದೇನೆ. ಕಾರಿನ ಹೊಗೆಯ ವಿಷವನ್ನು ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಹೇಗೆ ಮುರಿಯುತ್ತದೆ ಎಂಬ ಪಾಠವಂತೂ ನನಗೆ ಬಾಯಿಪಾಠ. ಅದರ ಹೊಟ್ಟೆಯೊಳಗಿನ ಸಣ್ಣ ಸಣ್ಣ ತೂತುಗಳ ಜೇನುಗೂಡನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅಂಥದ್ದೊಂದು ನನ್ನ ಕಾರಿನ ಕೆಳಗೂ ಇದೆ ಎಂಬುದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವನು ಪೆಟ್ರೋಲ್ ಬಂಕಿನಲ್ಲಿ ಹೊಗೆ ತಪಾಸಣೆ ಮಾಡುವವನು. ಕಾರು ಫೇಲ್ ಎಂದ. ಚಳಿಗಾಲದಲ್ಲಿ ಊರಿಗೆ ಊರೇ ಕೆಮ್ಮುವ ದೆಹಲಿಯಲ್ಲಿ ತಪಾಸಣೆಯ ಚೀಟಿ ಇಲ್ಲದೆ ಗಾಡಿ ತೆಗೆಯುವಂತಿಲ್ಲ. ಹಳೆಯ ಚೀಟಿಗೆ ಇನ್ನೊಂದು ವಾರ ಆಯುಸ್ಸಿತ್ತು. ಕೆಲವು ದಿನಗಳಿಂದ ಆಕ್ಸಿಲರೇಟರ್ ತುಳಿದರೂ ಕಾರು ಮುಂದೆ ಹೋಗಲು ಮೀನಮೇಷ ಎಣಿಸುತ್ತಿತ್ತು, ನಿಜ. ಅದಕ್ಕೂ ನನ್ನಂತೆ ವಯಸ್ಸಾಯಿತು ಎಂದುಕೊಂಡಿದ್ದೆ.

ಹೆಂಡತಿ ಶಾಲಿನಿಯೊಡನೆ ವಸಂತ್ ಕುಂಜ್ ಮಾರ್ಕೆಟ್ ಹಿಂದಿನ ಮೆಕ್ಯಾನಿಕ್ ಗುರ್ಮೀತನಲ್ಲಿಗೆ ಹೋದೆ. ಆತ ಕಾರನ್ನು ಮೇಲೆತ್ತಿಸಿ, ಕೆಳಗೆ ಟಾರ್ಚು ಬಿಟ್ಟು ನೋಡಿ, ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು ವಿಚಾರಿಸಿದ. ಮನೆಯಿಂದ ಕಾಲೇಜಿಗೆ ಒಂದೂವರೆ ಕಿಲೋಮೀಟರ್ ಎಂದೆ.

"ಕನ್ವರ್ಟರ್ ಕಾಯಬೇಕು ಸಾಬ್. ಕಾದರೇನೇ ಅದು ಕೆಲಸ ಮಾಡೋದು. ನೀವು ಅದು ಬೆಚ್ಚಗಾಗೋ ಮೊದಲೇ ಇಳಿದುಬಿಡ್ತೀರಿ. ಮಸಿ ಕಟ್ಟದೆ ಇನ್ನೇನು?"

ಪ್ರತಿವರ್ಷ ಪರೀಕ್ಷೆಯಲ್ಲಿ ಐದು ಅಂಕಕ್ಕೆ ನಾನು ಕೇಳುವ ಪ್ರಶ್ನೆಯ ಉತ್ತರ ಅದು. ಕಾಲೇಜಿನಲ್ಲಿ ಏನು ಕಲಿಸುತ್ತೀರಿ ಎಂದು ಅವನು ಕೇಳಿದಾಗ ನನ್ನ ಬಾಯಿಗೆ ಬಂದದ್ದು, "ಕನ್ನಡ." ಶಾಲಿನಿ ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು.

ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿದು, ಹೆದ್ದಾರಿಯಲ್ಲಿ ಮೂರನೇ ಗೇರಿನಲ್ಲೇ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ ಎಂಬುದು ಅವನು ಹೇಳಿದ ಮದ್ದು. ಭಾನುವಾರ ಬೆಳಿಗ್ಗೆ ಹೆದ್ದಾರಿ ಹಿಡಿದು, ದೆಹಲಿಯ ಹೊರಗಿನ ಮಾನೇಸರ್ ಊರನ್ನೂ ದಾಟಿ ಹೋದೆವು. ಕಾರು ಹೆರಿಗೆ ನೋವು ಬಂದಂತೆ ಅರಚುತ್ತಿತ್ತು. ಲಾರಿಯವರು ಕನಿಕರದಿಂದ ದಾರಿ ಬಿಟ್ಟರು. ಆಮೇಲೆ ಸಾಸಿವೆ ಹೊಲಗಳು ಕಂಡವು, ಇಂಜಿನ್ನಿನ ದನಿ ಹದಕ್ಕೆ ಬಂತು. ಢಾಬಾದಲ್ಲಿ ಮೂಲಂಗಿ ಪರಾಠಾ ಮುರಿಯುತ್ತಾ ಶಾಲಿನಿ, "ರೀ, ನಾವಿಬ್ರೂ ಹೀಗೆ ಸುಮ್ಮನೆ ಹೊರಗೆ ಬಂದು ಎಷ್ಟು ವರ್ಷ ಆಯ್ತು?" ಎಂದಳು. ನಾನು ಲೆಕ್ಕ ಹಾಕುವ ಗೋಜಿಗೆ ಹೋಗದೆ ಇನ್ನೊಂದು ಪರಾಠಾ ಹೇಳಿದೆ.

ಕಾರು ಪಾಸಾಯಿತು. ಸಂತೋಷದಲ್ಲಿ ಇಬ್ಬರೂ ಗುರ್ಮೀತನಿಗೆ ತಿಳಿಸಲು ಹೋದರೆ, ಅವನು ತನ್ನ ಚಿಂತೆ ತೋಡಿಕೊಂಡ. ಮಗಳು ಹನ್ನೆರಡನೆಯ ಕ್ಲಾಸು, ಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲ. ನೀವು ಅದನ್ನು ಕಲಿಸುವವರಾಗಿದ್ದರೆ ನಿಮ್ಮಲ್ಲಿಗೇ ಕಳಿಸುತ್ತಿದ್ದೆ, ಕನ್ನಡ ಕಟ್ಟಿಕೊಂಡು ಅವಳೇನು ಮಾಡಿಯಾಳು ಎಂದ. ಈ ಸಲ ಓದಲು ಜಾಹೀರಾತು ಇದ್ದರೂ ಶಾಲಿನಿ ನನ್ನನ್ನೇ ನೋಡಿದಳು. ನಾನು ಸುಳ್ಳನ್ನು ಒಪ್ಪಿಕೊಂಡೆ. ಗುರ್ಮೀತ್ ಬಟ್ಟೆಯಲ್ಲಿ ನಿಧಾನವಾಗಿ ಕೈ ಒರೆಸಿಕೊಂಡು, ಹೋದ ತಿಂಗಳು ತನ್ನ ಸ್ಕೂಟರೂ ಹೊಗೆ ತಪಾಸಣೆಯಲ್ಲಿ ಫೇಲಾಗಿತ್ತು ಎಂದ.

ಈಗ ಶನಿವಾರ ಸಂಜೆ ಅವನ ಮಗಳು ಜಸ್ಲೀನ್ ಪಾಠಕ್ಕೆ ಬರುತ್ತಾಳೆ. ಚುರುಕು ಹುಡುಗಿ. ಮೊನ್ನೆ ಜೇನುಗೂಡಿನ ಚಿತ್ರ ಬರೆದು ತೋರಿಸಿದರೆ, ಕೆಟಲಿಸ್ಟ್ ತಣ್ಣಗಿದ್ದಾಗ ಯಾಕೆ ಕೆಲಸ ಮಾಡುವುದಿಲ್ಲ ಎಂದು ಕೇಳಿದಳು. ಎರಡು ಸಲ ವಿವರಿಸಿದೆ. ಅವಳ ಮುಖ ನೋಡಿ ಮೂರನೆಯ ಸಲಕ್ಕೆ ಧೈರ್ಯ ಬರಲಿಲ್ಲ.

"ಮನೆಗೆ ಹೋಗಿ ನಿಮ್ಮಪ್ಪನ್ನ ಕೇಳಮ್ಮ," ಎಂದೆ.